ಕ್ಷಿಪಣಿಯ ರೇಂಜ್ ಗುಟ್ಟಲ್ಲ, ರೈಲು ಹೊರಟ ಹೊತ್ತು ಗುಟ್ಟು

ಪ್ರಶ್ನೆ: ಸರ್, ನಮಸ್ಕಾರ. ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತಮ್ಮ ಮಿಲಿಟರಿಯಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾಳಗ ನಡೆದಾಗ ಟಿವಿಯವರು ನಮ್ಮ ಕ್ಷಿಪಣಿಗಳ ಹೆಸರು, ಅವು ಎಷ್ಟು ದೂರ ಹೋಗ್ತಾವೆ, ಎಲ್ಲಿ ಬೀಳ್ತಾವೆ ಅಂತ ನಕ್ಷೆ ಹಾಕಿ ಹಾಕಿ ತೋರಿಸಿದರು. ನಮ್ಮ ಅವ್ವ "ಇದನ್ನ ಅವ್ರೂ ನೋಡ್ತಾರಲ್ಲೋ" ಅಂತ ಟಿವಿ ಬಂದ್ ಮಾಡಿಬಿಟ್ಟಳು. ಆದರೆ ನಮ್ಮ ವಿಮಾನ ಎಷ್ಟು ಬಿದ್ದವು ಅಂತ ಕೇಳಿದರೆ ಮಾತ್ರ ಅದು ರಹಸ್ಯ ಅಂತಾರೆ. ಯಾವುದು ಗುಟ್ಟು, ಯಾವುದು ಅಲ್ಲ? ನಮ್ಮಂಥ ಮನೆಯವರು ಏನು ಮಾಡಬೇಕು?

ಉತ್ತರ:

ಅಕ್ಕೋರೆ, ನಮಸ್ಕಾರ. ಮಗ ಗಡಿಯಲ್ಲಿರುವಾಗ ಟಿವಿಯಲ್ಲಿ ಕೆಂಪು ಬಾಣದ ನಕ್ಷೆ ನೋಡುತ್ತ ಕೂಡುವುದು ಯಾವ ತಾಯಿಗೂ ಸುಲಭವಲ್ಲ. ನಿಮ್ಮ ಅವ್ವ ಟಿವಿ ಆರಿಸಿದ್ದು ಒಳ್ಳೆಯದೇ ಆಯಿತು. ಆದರೆ ಅವರು ಹೆದರಿದ ಜಾಗದಲ್ಲಿ ಅಪಾಯ ಕಡಿಮೆ ಇತ್ತು. ಯಾರೂ ಹೆದರದ ಜಾಗದಲ್ಲಿ ಜಾಸ್ತಿ ಇತ್ತು. ಧಾರವಾಡದಲ್ಲಿ ಪತ್ರಿಕೋದ್ಯಮ ಓದುವ ಹುಡುಗರಿಗೆ ರಕ್ಷಣಾ ವರದಿಗಾರಿಕೆ ಪಾಠ ಮಾಡುವಾಗ ನನಗೆ ಎದುರಾಗುವ ಮೊದಲ ಪ್ರಶ್ನೆಯೂ ನಿಮ್ಮದೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆಯುಧಗಳ ಮಾತು. ಬ್ರಹ್ಮೋಸ್ 290 ಕಿಲೋಮೀಟರ್ ಹೋಗುತ್ತದೆ, ಅಗ್ನಿ-5 ಐದು ಸಾವಿರ ಕಿಲೋಮೀಟರ್ ದಾಟುತ್ತದೆ ಎನ್ನುವುದನ್ನು ಟಿವಿಯವರು ಎಲ್ಲಿಂದಲೋ ಕದ್ದು ತಂದಿಲ್ಲ. ಸರ್ಕಾರವೇ ಹೇಳಿದ್ದು, ಬೇಕಂತಲೇ ಹೇಳಿದ್ದು. ಎದುರಿನವನಿಗೆ ಗೊತ್ತೇ ಇಲ್ಲದ ಆಯುಧಕ್ಕೆ ಅವನು ಹೆದರುವುದಾದರೂ ಹೇಗೆ? ಜನವರಿ 26ರಂದು ದೆಹಲಿಯಲ್ಲಿ ಕ್ಷಿಪಣಿಗಳ ಮೆರವಣಿಗೆ ಮಾಡುವುದು ಇದಕ್ಕೇ. 2019ರ ಮಾರ್ಚ್ 27ರಂದು ನಮ್ಮದೇ ಒಂದು ಉಪಗ್ರಹವನ್ನು ಹೊಡೆದುರುಳಿಸಿದಾಗ ಪ್ರಧಾನಿಯೇ ಟಿವಿಗೆ ಬಂದು ಹೇಳಿದರು. ಮಾರಾಟದ ಕಾರಣವೂ ಇದೆ. 2022ರಲ್ಲಿ ಬ್ರಹ್ಮೋಸ್ ಕೊಳ್ಳಲು ಒಪ್ಪಂದ ಮಾಡಿಕೊಂಡ ಫಿಲಿಪ್ಪೀನ್ಸ್, ಅದು ಎಷ್ಟು ದೂರ ಹೋಗುತ್ತದೆ ಅಂತ ಕೇಳದೆ ದುಡ್ಡು ಕೊಡುತ್ತದೆಯೇ?

ಕೆಲವು ವಿಷಯಗಳನ್ನಂತೂ ನಾವು ನೇರವಾಗಿ ಪಾಕಿಸ್ತಾನಕ್ಕೇ ಹೇಳುತ್ತೇವೆ. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆ ಮಾಡುವ ಮೊದಲು ಒಬ್ಬರಿಗೊಬ್ಬರು ತಿಳಿಸಬೇಕು ಅಂತ 2005ರಲ್ಲಿ ಒಪ್ಪಂದ ಆಗಿದೆ. ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪ್ರತಿ ವರ್ಷ ಜನವರಿ 1ರಂದು ಕೊಟ್ಟು ತೆಗೆದುಕೊಳ್ಳುತ್ತವೆ. ಅದು 1988ರ ಒಪ್ಪಂದ, ಕಾರ್ಗಿಲ್ ಆದ ಮೇಲೂ ನಿಲ್ಲಲಿಲ್ಲ. 2022ರ ಮಾರ್ಚ್ 9ರಂದು ನಮ್ಮ ಒಂದು ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಊರಿನ ಹತ್ತಿರ ಬಿತ್ತು, ನೆನಪಿದೆಯಾ? ಎರಡು ದಿನದಲ್ಲಿ ನಮ್ಮ ಸರ್ಕಾರ ತಪ್ಪು ಒಪ್ಪಿಕೊಂಡಿತು, ಮುಂದೆ ವಾಯುಪಡೆಯ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆಯಿತು. ಆಗ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವರು ಅದನ್ನು ದಾಳಿ ಅಂತಲೇ ತಿಳಿಯಬಹುದಿತ್ತು. ಅಣ್ವಸ್ತ್ರ ಇರುವ ಎರಡು ದೇಶಗಳ ನಡುವೆ ಕೆಲವು ಸಲ ಬಾಯಿ ಬಿಡುವುದೇ ಸುರಕ್ಷಿತ.

ಹಾಗಾದರೆ ಆಯುಧದಲ್ಲಿ ಗುಟ್ಟು ಅಂತ ಏನೂ ಇಲ್ಲವಾ? ಇದೆ. ಅದರ ರಾಡಾರ್ ಯಾವ ತರಂಗದಲ್ಲಿ ಕೆಲಸ ಮಾಡುತ್ತದೆ, ಯಾವ ಹವೆಯಲ್ಲಿ ತಪ್ಪುತ್ತದೆ, ಸಬ್‌ಮರೀನ್ ಆದರೆ ನೀರಿನೊಳಗೆ ಎಷ್ಟು ವೇಗದಲ್ಲಿ ಎಷ್ಟು ಸದ್ದು ಮಾಡುತ್ತದೆ, ಇಂಥವು. 2016ರ ಆಗಸ್ಟ್‌ನಲ್ಲಿ ನಮ್ಮ ಸ್ಕಾರ್ಪೀನ್ ಸಬ್‌ಮರೀನ್‌ಗಳ ಬಗ್ಗೆ ಫ್ರೆಂಚ್ ಕಂಪನಿಯ 22 ಸಾವಿರಕ್ಕೂ ಹೆಚ್ಚು ಪುಟಗಳು ಸೋರಿ ಆಸ್ಟ್ರೇಲಿಯಾದ ಒಂದು ಪತ್ರಿಕೆಯ ಕೈಗೆ ಸಿಕ್ಕವು. ಪತ್ರಿಕೆ ಸುದ್ದಿ ಮಾಡಿತು, ಆದರೆ ಸೂಕ್ಷ್ಮ ಅಂಕಿಗಳ ಮೇಲೆ ಕಪ್ಪು ಬಳಿದು ಪ್ರಕಟಿಸಿತು. ಸೋರಿದೆ ಎನ್ನುವ ಸುದ್ದಿ ನಮಗೆ ಬೇಕಿತ್ತು. ಸೋರಿದ್ದೇನು ಎನ್ನುವ ಅಂಕಿ ಯಾವ ಓದುಗನಿಗೂ ಬೇಕಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಒಳ್ಳೆಯ ಕೆಲಸದ ಉದಾಹರಣೆಯಾಗಿ ತೋರಿಸುತ್ತೇನೆ.

ಈಗ ನಿಜವಾದ ಅಪಾಯಕ್ಕೆ ಬರೋಣ. ಅದು ಇರುವುದು ಮೂರು ಮಾತಿನಲ್ಲಿ: ಎಲ್ಲಿ, ಯಾವಾಗ, ಎಷ್ಟು ಜನ. ಈ ಮೂರು ಸೇರಿದರೆ ಸಾಕು, ಎದುರಿನವನಿಗೆ ಗೂಢಚಾರನೇ ಬೇಡ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಆದಾಗ ನಾವೆಲ್ಲ ಮನೆಯಲ್ಲಿ ಕೂತು ಎನ್‌ಎಸ್‌ಜಿ ಕಮಾಂಡೋಗಳು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು, ಹಂತಕರು ಹೊಕ್ಕಿದ್ದ ನಾರಿಮನ್ ಹೌಸ್ ಕಟ್ಟಡದ ಮೇಲೆ ಇಳಿಯುವುದನ್ನು ಲೈವ್ ನೋಡಿದೆವು. ಪಾಕಿಸ್ತಾನದಲ್ಲಿ ಕೂತು ಆ ಹಂತಕರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದವರೂ ಅದೇ ಚಾನೆಲ್‌ಗಳನ್ನು ನೋಡುತ್ತಿದ್ದರು. ಹೊರಗೆ ಪೊಲೀಸರು ಏನು ಮಾಡುತ್ತಿದ್ದಾರೆ, ಕಮಾಂಡೋಗಳು ಯಾವ ಕಡೆಯಿಂದ ಬರುತ್ತಿದ್ದಾರೆ ಅಂತ ಒಳಗಿದ್ದವರಿಗೆ ಕಿಟಕಿಗೂ ಬಾರದೆ ಗೊತ್ತಾಗುತ್ತಿತ್ತು. ಆ ಫೋನ್ ಮಾತುಗಳು ದಾಖಲಾಗಿವೆ. 2012ರ ಆಗಸ್ಟ್ 29ರಂದು ಕಸಬ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇದನ್ನೆಲ್ಲ ಓದಿ ಚಾನೆಲ್‌ಗಳ ಬಗ್ಗೆ ತುಂಬ ಕಟುವಾಗಿ ಬರೆಯಿತು. ಆ ಪ್ರಸಾರದಿಂದ ದೇಶಕ್ಕೂ ಸಮಾಜಕ್ಕೂ ಯಾವ ಉಪಕಾರವೂ ಆಗಲಿಲ್ಲ, ಚಾನೆಲ್‌ಗಳು ನೋಡಿಕೊಂಡಿದ್ದು ತಮ್ಮ ವ್ಯಾಪಾರ ಎನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನನಗೆ ಇಂದಿಗೂ ಬೇಸರ ತರುವುದು ಏನೆಂದರೆ, ಆ ಚಿತ್ರಗಳನ್ನು ಎರಡು ದಿನ ಬಿಟ್ಟು ತೋರಿಸಿದ್ದರೆ ನೋಡುಗರು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ.

ಅದಾದ ಮೇಲೆ ನಿಯಮ ಬಂತು. ಕೇಬಲ್ ಟಿವಿ ನಿಯಮಗಳ 6(1)(ಪಿ) ಪ್ರಕಾರ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ನಡೆಯುವಾಗ ಲೈವ್ ತೋರಿಸುವಂತಿಲ್ಲ. ಅದು ಮುಗಿಯುವ ತನಕ ಸರ್ಕಾರ ಗೊತ್ತು ಮಾಡಿದ ಅಧಿಕಾರಿ ಆಗಾಗ ಹೇಳಿದ್ದನ್ನಷ್ಟೇ ಹೇಳಬೇಕು. ಪಹಲ್ಗಾಮ್ ದಾಳಿ ಆದ ನಾಲ್ಕನೇ ದಿನ, 2025ರ ಏಪ್ರಿಲ್ 26ರಂದು, ಕೇಂದ್ರ ಸರ್ಕಾರ ಇದನ್ನೇ ಮತ್ತೆ ನೆನಪಿಸಿ ಎಲ್ಲ ಮಾಧ್ಯಮಗಳಿಗೆ ಸೂಚನೆ ಕಳಿಸಿತು. ಕಾರ್ಗಿಲ್, ಕಂದಹಾರ್ ವಿಮಾನ ಅಪಹರಣ, ಮುಂಬೈ ದಾಳಿ, ಮೂರನ್ನೂ ಅದರಲ್ಲಿ ಹೆಸರಿಸಿತ್ತು. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ. ಇದು ಸುದ್ದಿಯನ್ನು ಕೊಲ್ಲುವುದಿಲ್ಲ, ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ ಅಷ್ಟೇ.

ಆದರೆ ಸೋರಿಕೆ ಅಂದಕೂಡಲೇ ಪತ್ರಕರ್ತರ ಕಡೆಗೇ ಬೆರಳು ತೋರಿಸಬೇಡಿ. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು ಗೂಸ್ ಗ್ರೀನ್ ಎನ್ನುವ ಊರಿನ ಮೇಲೆ ನುಗ್ಗುವ ಮೊದಲೇ ಅವರು ಅದರ ಹತ್ತಿರ ಬಂದಿದ್ದಾರೆ ಅಂತ ಬಿಬಿಸಿ ರೇಡಿಯೋ ಹೇಳಿಬಿಟ್ಟಿತು. ಪಡೆಯ ಕಮಾಂಡರ್ ಕೆಂಡವಾದರು, ಮರುದಿನ ಅದೇ ಕಾಳಗದಲ್ಲಿ ಸತ್ತರು. ಸುದ್ದಿ ರಣರಂಗದ ವರದಿಗಾರರಿಂದ ಹೋಗಿರಲಿಲ್ಲ, ಲಂಡನ್ನಿನಲ್ಲೇ ಹೊರಬಿದ್ದಿತ್ತು. ಇನ್ನು 2025ರ ಮಾರ್ಚ್‌ನಲ್ಲಿ ಆದದ್ದು ಕೇಳಿ. ಅಮೆರಿಕದ ದೊಡ್ಡ ದೊಡ್ಡ ಮಂತ್ರಿಗಳು ಯೆಮೆನ್ ಮೇಲಿನ ದಾಳಿಯ ಬಗ್ಗೆ ಸಿಗ್ನಲ್ ಆ್ಯಪ್‌ನಲ್ಲಿ ಗ್ರೂಪ್ ಮಾಡಿಕೊಂಡಿದ್ದರು. ಅದಕ್ಕೆ ಒಂದು ಪತ್ರಿಕೆಯ ಸಂಪಾದಕರನ್ನೂ ತಿಳಿಯದೆ ಸೇರಿಸಿಬಿಟ್ಟರು. ಯಾವ ವಿಮಾನ ಎಷ್ಟು ಗಂಟೆಗೆ ಏಳುತ್ತದೆ ಎನ್ನುವುದನ್ನು ರಕ್ಷಣಾ ಮಂತ್ರಿಯೇ ದಾಳಿಗೆ ಮೊದಲು ಆ ಗ್ರೂಪಿನಲ್ಲಿ ಬರೆದರು. ಸಂಪಾದಕರು ದಾಳಿ ಮುಗಿಯುವ ತನಕ ಒಂದು ಅಕ್ಷರ ಹೊರಗೆ ಬಿಡಲಿಲ್ಲ. ಮೊದಲ ವರದಿಯಲ್ಲೂ ಸಮಯದ ವಿವರ ಹಾಕಲಿಲ್ಲ. ಅದರಲ್ಲಿ ರಹಸ್ಯ ಏನೂ ಇರಲಿಲ್ಲ ಅಂತ ಸರ್ಕಾರದವರೇ ವಾದಿಸಿದ ಮೇಲೆ ಹಾಕಿದರು. ಗುಟ್ಟು ಕಾಯಬೇಕಾದವರು ಕಾಯಲಿಲ್ಲ, ಪತ್ರಕರ್ತ ಕಾಯ್ದ.

ಗುಟ್ಟಿನ ಇನ್ನೊಂದು ಬಗೆ ಇದೆ, ಜನ ಇದನ್ನು ಮರೆಯುತ್ತಾರೆ. ವಿಷಯ ಗೊತ್ತಾಗಿದ್ದು ಹೇಗೆ ಎನ್ನುವುದು. 1942ರ ಜೂನ್ 7ರಂದು ಶಿಕಾಗೋದ ಒಂದು ಪತ್ರಿಕೆ, ಮಿಡ್‌ವೇ ಕಡಲ ಕಾಳಗದಲ್ಲಿ ಜಪಾನಿನ ಯೋಜನೆ ಅಮೆರಿಕಕ್ಕೆ ಮೊದಲೇ ತಿಳಿದಿತ್ತು ಅಂತ ಬರೆಯಿತು. ಓದಿದವರಿಗೆ ಹೆಮ್ಮೆಯ ಸುದ್ದಿ. ಆದರೆ ಅದರ ಅರ್ಥ ಜಪಾನಿನ ಗುಪ್ತಲಿಪಿ ಮುರಿದಿದ್ದೇವೆ ಅಂತ! ಸರ್ಕಾರ ಕೇಸು ಹಾಕಲು ಹೊರಟಿತು. ಆದರೆ ಸಾಕ್ಷಿ ಹೇಳಬೇಕೆಂದರೆ ಆ ಗುಟ್ಟನ್ನೇ ಬಿಚ್ಚಬೇಕಿತ್ತು, ನೌಕಾಪಡೆ ಹಿಂಜರಿಯಿತು, ಕೇಸು ಬಿದ್ದುಹೋಯಿತು. ನಮ್ಮಲ್ಲಿ ಆಗಿನ ಪಾಕಿಸ್ತಾನ ಸೇನಾ ಮುಖ್ಯಸ್ಥ ಮುಷರಫ್ ಬೀಜಿಂಗ್‌ನಿಂದ ತಮ್ಮ ಜನರಲ್ ಜೊತೆ ಆಡಿದ ಫೋನ್ ಮಾತನ್ನು 1999ರ ಜೂನ್‌ನಲ್ಲಿ ಸರ್ಕಾರವೇ ಪತ್ರಕರ್ತರಿಗೆ ಕೊಟ್ಟಿತು. ಕಾರ್ಗಿಲ್‌ನಲ್ಲಿ ಇರುವವರು ಪಾಕಿಸ್ತಾನದ ಸೈನಿಕರೇ ಅಂತ ಜಗತ್ತಿಗೆ ತೋರಿಸಲು ಅದು ಬೇಕಿತ್ತು. ಅದರ ಬೆಲೆಯೂ ಇತ್ತು. ಆ ಲೈನನ್ನು ಭಾರತ ಕದ್ದು ಕೇಳುತ್ತಿದೆ ಅಂತ ಅವರಿಗೆ ತಿಳಿಯಿತು. ಲೆಕ್ಕ ಹಾಕಿಯೇ ಮಾಡಿದ ಕೆಲಸ ಅದು, ನನ್ನ ಪ್ರಕಾರ ಸರಿಯಾದ ಲೆಕ್ಕ.

ನಿಮ್ಮ ಪ್ರಶ್ನೆಯಲ್ಲಿರುವ ಮೇ ತಿಂಗಳಿಗೆ ಬರುತ್ತೇನೆ. ಅವತ್ತಿನ ನಕ್ಷೆಗಳಿಗಿಂತ ಜಾಸ್ತಿ ಹಾನಿ ಮಾಡಿದ್ದು ಸುಳ್ಳು. ಮೇ 8ರ ರಾತ್ರಿ ನೌಕಾಪಡೆ ಕರಾಚಿ ಬಂದರನ್ನು ಹೊಡೆದಿದೆ ಅಂತ ಹಲವು ಚಾನೆಲ್‌ಗಳು ಕೂಗಿದವು. ಹಾಗೆ ಆಗಿರಲೇ ಇಲ್ಲ. ಸ್ಟುಡಿಯೋಗಳಲ್ಲಿ ವೈಮಾನಿಕ ದಾಳಿಯ ಸೈರನ್ ಸದ್ದನ್ನು ಎಷ್ಟು ಹಾಕಿದರೆಂದರೆ, ಇದನ್ನು ಕೇಳಿ ಕೇಳಿ ಜನ ನಿಜವಾದ ಸೈರನ್ನಿಗೂ ಏಳದ ಹಾಗೆ ಆದೀತು ಅಂತ ಸರ್ಕಾರ ಸೂಚನೆ ಕೊಡಬೇಕಾಯಿತು. ಗಡಿ ಜಿಲ್ಲೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕತ್ತಲೆಯಲ್ಲಿ ಕೂತವರ ಮನೆಗೂ ಅದೇ ಸದ್ದು ಹೋಗಿದೆ. ಇದನ್ನು ಪತ್ರಿಕೋದ್ಯಮ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇನ್ನು ನಮ್ಮ ಫೋನುಗಳು. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಮಿಲಿಟರಿ ಹುಡುಗರಿದ್ದಾರೆ. ರಜೆಗೆ ಬಂದ ಹುಡುಗನಿಗೆ ಕರೆ ಬಂತು, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹಾರ ಹಾಕಿ ಕಳಿಸಿದೆವು, ಕೂಡಲೇ ಸ್ಟೇಟಸ್: "ನಮ್ಮ ಹುಲಿ ಇವತ್ತು ಇಷ್ಟು ಗಂಟೆ ರೈಲಿಗೆ ಇಂಥ ಕಡೆ ಹೊರಟ". ಯೂನಿಟ್ ಹೆಸರು, ಊರು, ದಿನ, ಮುಖ, ಎಲ್ಲ ಒಂದೇ ಫೋಟೋದಲ್ಲಿ. ಒಂದು ಫೋಟೋದಿಂದ ಏನಾಗುತ್ತೆ ಅನಿಸಬಹುದು. ಒಂದರಿಂದ ಏನೂ ಆಗುವುದಿಲ್ಲ, ನಿಜ. ಆದರೆ ಒಂದೇ ಯೂನಿಟ್ಟಿನ ನಲವತ್ತು ಹುಡುಗರ ಮನೆಯವರು ನಲವತ್ತು ಊರಿಂದ ಒಂದೇ ವಾರದಲ್ಲಿ ಹಾಕಿದರೆ, ಆ ಯೂನಿಟ್ ಯಾವಾಗ ಎತ್ತ ಹೊರಟಿತು ಅಂತ ಗೊತ್ತಾಗಲು ಇನ್ನೇನು ಬೇಕು? ಟ್ಯಾಂಕು, ತೋಪು ಹೊತ್ತ ರೈಲು ಹಾದು ಹೋಗುವಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ವಿಡಿಯೋ ಮಾಡುವುದೂ ಇದೇ ಸಾಲಿನದು. ವಿಡಿಯೋದಲ್ಲಿ ಎಷ್ಟು ಬೋಗಿ ಅಂತ ಎಣಿಸಬಹುದು, ಸ್ಟೇಷನ್ನಿನ ಬೋರ್ಡು ಹಿಂದೆಯೇ ಕಾಣುತ್ತದೆ.

2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ನಕ್ಷೆ ಹಾಕಿದ್ದು ಬಯಲಿಗೆ ಬಂತು. ಸುತ್ತ ಕತ್ತಲೆ ಇರುವ ಮರುಭೂಮಿಗಳಲ್ಲಿ ಅಮೆರಿಕದ ಸೈನಿಕ ನೆಲೆಗಳ ಆಕಾರ ಅದರಲ್ಲಿ ಬೆಳಗುತ್ತಿತ್ತು. ವ್ಯಾಯಾಮಕ್ಕೆ ಓಡಿದ ಸೈನಿಕರೇ ಅದನ್ನು ಬರೆದಿದ್ದರು, ಗೊತ್ತಿಲ್ಲದೆ. ನಮ್ಮ ನೌಕಾಪಡೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಸ್ನೇಹದ ಬಲೆಗೆ ಬಿದ್ದು ಮಾಹಿತಿ ಕೊಟ್ಟ ನಾವಿಕರು ಸಿಕ್ಕಿಬಿದ್ದರು. ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೇ ನಿಷೇಧಿಸಿದರು. ಮರುವರ್ಷ ಭೂಸೇನೆ 89 ಆ್ಯಪ್‌ಗಳನ್ನು ತೆಗೆಯಿರಿ ಅಂತ ತನ್ನವರಿಗೆ ಹೇಳಿತು. ಹುಬ್ಬಳ್ಳಿಯಿಂದ ಅಂಕೋಲಾ ದಾರಿ ಹಿಡಿದು ಕಾರವಾರಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಬೀಚಿನ ಹತ್ತಿರ ಮ್ಯೂಸಿಯಂ ಮಾಡಿಟ್ಟಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಮುಂದೆ ಎಷ್ಟು ಬೇಕಾದರೂ ಫೋಟೋ ತೆಗೆಸಿಕೊಳ್ಳಿ, ಮಕ್ಕಳನ್ನೂ ಕರೆದೊಯ್ಯಿರಿ. ನೌಕಾನೆಲೆಯ ಕಡೆ ಹಡಗು ಕಂಡಿತು ಅಂತ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಝೂಮ್ ಮಾಡಬೇಡಿ.

ಇಲ್ಲಿಗೆ ಅರ್ಧ ಉತ್ತರ ಆಯಿತು. ಇನ್ನರ್ಧ ನನಗೆ ಹೆಚ್ಚು ಮುಖ್ಯ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಕಡೆ ಯಾರೂ ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಸಾವಿಗೆ ಕಾರಣ ಹಿಮಪಾತ, ಬೇರೆ ಏನನ್ನೂ ನಾನು ಅದಕ್ಕೆ ಕಟ್ಟುವುದಿಲ್ಲ. ಆದರೆ ಅಂಥ ಎತ್ತರದಲ್ಲಿ ನಿಲ್ಲುವ ಹುಡುಗರಿಗೆ ಬೂಟು ಸಾಕಷ್ಟಿಲ್ಲ, ಇದ್ದ ಬೂಟನ್ನೇ ಸರಿಪಡಿಸಿ ಹಾಕಿಸಿದ್ದಾರೆ, ಹಿಮದ ಕನ್ನಡಕಕ್ಕೂ ಕೊರತೆ ಅಂತ, ಸರ್ಕಾರದ ಲೆಕ್ಕ ಪರಿಶೀಲಿಸುವ ಸಿಎಜಿಯ ವರದಿ 2020ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು. ಬೂಟಿನ ಕೊರತೆ ಯಾವ ಶತ್ರುವಿಗೆ ಗುಟ್ಟು? ಅದನ್ನು ಮುಚ್ಚಿಟ್ಟರೆ ಸೈನಿಕನ ಕಾಲು ಉಳಿಯುವುದಿಲ್ಲ, ಟೆಂಡರ್ ತಡ ಮಾಡಿದವನ ಕುರ್ಚಿ ಉಳಿಯುತ್ತದೆ.

ಮದ್ದುಗುಂಡಿನ ವಿಷಯ ಮಾತ್ರ ಅಷ್ಟು ಸುಲಭವಲ್ಲ. 2017ರ ಜುಲೈನಲ್ಲಿ ಬಂದ ಇನ್ನೊಂದು ಸಿಎಜಿ ವರದಿ, 152 ಬಗೆಯ ಮದ್ದುಗುಂಡುಗಳಲ್ಲಿ ಶೇ 40ರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲುವುದಿಲ್ಲ ಎಂದಿತು. ಆಗ ದೋಕ್ಲಾಮ್‌ನಲ್ಲಿ ಚೀನಾದ ಸೈನಿಕರ ಎದುರು ನಮ್ಮವರು ನಿಂತಿದ್ದರು. ಇದನ್ನು ಊರಿಗೆಲ್ಲ ಹೇಳಬೇಕಿತ್ತಾ ಅಂತ ಸೇನೆಯಲ್ಲಿದ್ದವರು ಸಿಟ್ಟಾದರೆ ಅದು ನ್ಯಾಯವೇ, ಏಕೆಂದರೆ ಎಷ್ಟು ದಿನದ ದಾಸ್ತಾನು ಎನ್ನುವುದು ನಾನು ಮೇಲೆ ಹೇಳಿದ "ಎಷ್ಟು" ಎನ್ನುವ ಪಟ್ಟಿಯಲ್ಲೇ ಬರುತ್ತದೆ. ಇನ್ನೊಂದು ಕಡೆ, 2012ರಲ್ಲೇ ಸೇನೆಯ ಮುಖ್ಯಸ್ಥರು ಪ್ರಧಾನಿಗೆ ಬರೆದ ಪತ್ರ ಸೋರಿ ಟ್ಯಾಂಕಿನ ಗುಂಡಿಲ್ಲ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಐದು ವರ್ಷ ಆದರೂ ಕೊರತೆ ತುಂಬಿರಲಿಲ್ಲ. 2017ರ ಅದೇ ಜುಲೈನಲ್ಲಿ ಸೇನೆಯ ಉಪಮುಖ್ಯಸ್ಥರಿಗೆ ತುರ್ತಾಗಿ ಮದ್ದುಗುಂಡು ಕೊಳ್ಳುವ ಅಧಿಕಾರ ಕೊಟ್ಟರು. ನನ್ನ ಅಭಿಪ್ರಾಯ ಹೇಳಬೇಕೆಂದರೆ, ಬಗೆಬಗೆಯ ಅಂಕಿ ಪೂರ್ತಿಯಾಗಿ ಸಂಸತ್ತಿನ ಲೆಕ್ಕಪತ್ರ ಸಮಿತಿಗೆ ಹೋಗಲಿ, ಅಲ್ಲಿ ವಿರೋಧ ಪಕ್ಷದವರೇ ಅಧ್ಯಕ್ಷರಾಗಿರುತ್ತಾರೆ. ಜನರಿಗೆ ಅಂಕಿ ಬೇಡ. ಆದರೆ ಕೊರತೆ ಇದೆ, ಇಷ್ಟು ವರ್ಷದಿಂದ ಇದೆ, ಹೊಣೆ ಇಂಥ ಇಲಾಖೆಯದು, ಇಷ್ಟನ್ನು ಹೇಳಲೇಬೇಕು. ಈಗ ಆಗಿದ್ದೇನು? ರಕ್ಷಣಾ ಇಲಾಖೆಯ ಸಿಎಜಿ ವರದಿಗಳನ್ನು ಅಂತರ್ಜಾಲಕ್ಕೆ ಹಾಕುವುದನ್ನೇ ಬಿಟ್ಟಿದ್ದೇವೆ ಅಂತ 2020ರಲ್ಲಿ ಆಗಿನ ಸಿಎಜಿಯೇ ಹೇಳಿದರು. ಮದ್ದುಗುಂಡಿನ ಲೆಕ್ಕದ ಜೊತೆ ಬೂಟಿನ ಲೆಕ್ಕವೂ ಒಳಗೆ ಹೋಯಿತು. ಇದು ತಪ್ಪು.

ವಿಮಾನ ಎಷ್ಟು ಬಿದ್ದವು ಅಂತ ಕೇಳಿದ್ದೀರಿ. ಕಾಳಗ ನಡೆಯುವಾಗ ಅದನ್ನು ಹೇಳದಿರುವುದು ಸರಿ. ಹೇಳಿದರೆ, ತನ್ನ ಯಾವ ಹೊಡೆತ ತಗುಲಿತು, ಯಾವುದು ತಪ್ಪಿತು ಅಂತ ಎದುರಿನವನಿಗೆ ನಾವೇ ತಿಳಿಸಿದಂತೆ. ಮೇ 10ರಂದು ಕದನ ನಿಂತಿತು. ಮೇ 31ರಂದು ಸಿಂಗಪುರದಲ್ಲಿ ಸೇನೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ವಿಮಾನ ಕಳೆದುಕೊಂಡದ್ದನ್ನು ಒಪ್ಪಿಕೊಂಡರು. ಎಷ್ಟು ಅಂತ ಹೇಳಲಿಲ್ಲ, ತಪ್ಪೇನಾಯಿತು ಅಂತ ತಿಳಿದು ತಿದ್ದಿಕೊಂಡೆವು ಎಂದರು. ಆ ಮಾತು ಮೊದಲು ವಿದೇಶಿ ಟಿವಿಗೆ ಹೋಗಬೇಕಿರಲಿಲ್ಲ, ನಮ್ಮ ಸಂಸತ್ತಿಗೆ ಬರಬೇಕಿತ್ತು. ಚೀನಾ ಗಡಿಯ ಗಾಲ್ವಾನ್ ನೆನೆಸಿಕೊಳ್ಳಿ. 2020ರ ಜೂನ್ 15ರ ರಾತ್ರಿ ನಮ್ಮ 20 ಸೈನಿಕರು ಸತ್ತರು, ಮರುದಿನವೇ ನಮ್ಮ ಸೇನೆ ದೇಶಕ್ಕೆ ಹೇಳಿತು. ಚೀನಾ ತನ್ನ ನಾಲ್ವರ ಹೆಸರು ಹೇಳಿದ್ದು 2021ರ ಫೆಬ್ರವರಿಯಲ್ಲಿ. ಎಂಟು ತಿಂಗಳು ಆ ಮನೆಗಳಲ್ಲಿ ಜೋರಾಗಿ ಅಳುವುದಕ್ಕೂ ಬಿಟ್ಟಿರಲಿಕ್ಕಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ದೇಶ ಎಷ್ಟೋ ಮೇಲು, ಅದನ್ನು ಬಿಟ್ಟುಕೊಡಬಾರದು.

ಇದರ ಪಕ್ಕದಲ್ಲೇ 1962ನ್ನು ಇಡಿ. ಚೀನಾ ಯುದ್ಧದಲ್ಲಿ ಯಾಕೆ ಸೋತೆವು ಅಂತ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿ 1963ರಲ್ಲೇ ಮುಗಿದಿದೆ. ಇಂದಿಗೂ ಸರ್ಕಾರ ಅದನ್ನು ಬಿಡುಗಡೆ ಮಾಡಿಲ್ಲ. ಯಾವ ಪಕ್ಷದ ಸರ್ಕಾರವೂ ಮಾಡಿಲ್ಲ. 2014ರಲ್ಲಿ ಒಬ್ಬ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗವನ್ನು ಅಂತರ್ಜಾಲಕ್ಕೆ ಹಾಕಿದರು, ಚೀನಾದವರೂ ಓದಿರುತ್ತಾರೆ. ಇನ್ನು ಯಾರಿಂದ ಮುಚ್ಚಿಡುತ್ತಿದ್ದೇವೆ? ಕಾರ್ಗಿಲ್ ಆದಾಗ ಹಾಗೆ ಮಾಡಲಿಲ್ಲ. ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿಯಲ್ಲಿ ಸೂಕ್ಷ್ಮ ಭಾಗಗಳನ್ನು ತೆಗೆದು ಉಳಿದದ್ದನ್ನು 2000ದ ಫೆಬ್ರವರಿಯಲ್ಲೇ ಸಂಸತ್ತಿನ ಮುಂದೆ ಇಟ್ಟರು. ಅದರಿಂದ ದೇಶ ಮುಳುಗಲಿಲ್ಲ.

ಕಾನೂನು ಏನು ಹೇಳುತ್ತದೆ? ಅಧಿಕೃತ ರಹಸ್ಯಗಳ ಕಾಯ್ದೆ 1923ರದು, ಬ್ರಿಟಿಷರು ಮಾಡಿದ್ದು. ಯಾವುದು ರಹಸ್ಯ ಅಂತ ಅದರಲ್ಲಿ ಸರಿಯಾದ ವಿವರಣೆಯೇ ಇಲ್ಲ. ನಮ್ಮವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ಇದನ್ನು ತೆಗೆದುಹಾಕಿ, ಬೇಕಾದಷ್ಟನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಸೇರಿಸಿ ಎಂದಿತು. ಯಾರೂ ಕೇಳಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ದೇಶದ ಭದ್ರತೆಗೆ ವಿನಾಯಿತಿ ಕೊಡುತ್ತದೆ, ಸರಿ. ಆದರೆ 8(2)ನ್ನೂ ಓದಿ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಅಂಥ ಮಾಹಿತಿಯನ್ನೂ ಕೊಡಬಹುದು. 2019ರ ಏಪ್ರಿಲ್ 10ರಂದು ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಬಂದ ದಾಖಲೆಗಳನ್ನು ನೋಡಲೇಬಾರದು ಅಂತ ಸರ್ಕಾರ ವಾದಿಸಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮುಂದೆ ಆ ಅರ್ಜಿಗಳು ಬಿದ್ದುಹೋದವು, ಅದು ಬೇರೆ ಮಾತು. ರಹಸ್ಯ ಎಂದ ಮಾತ್ರಕ್ಕೆ ನ್ಯಾಯಾಲಯದ ಬಾಗಿಲು ಮುಚ್ಚುವುದಿಲ್ಲ ಎನ್ನುವುದು ಉಳಿಯಿತು.

ನೀವು ಏನು ಮಾಡಬೇಕು ಅಂತ ಕೇಳಿದ್ದಕ್ಕೆ ಉತ್ತರ. ತಮ್ಮನ ಫೋಟೋ ಹಾಕಿ, ಹೆಮ್ಮೆ ಪಡಿ, ಆದರೆ ಅವನು ಹೋಗಿ ಮುಟ್ಟಿ ಕೆಲವು ವಾರ ಕಳೆದ ಮೇಲೆ ಹಾಕಿ. ಯೂನಿಟ್ ಹೆಸರು, ಸ್ಟೇಷನ್, ರೈಲು ಬೇಡ. ಫೋನಿನಲ್ಲಿ ಅವ್ವ "ಎಲ್ಲಿದ್ದೀಯಪ್ಪಾ" ಅಂತ ಕೇಳಿದಾಗ ಅವನು ಹೇಳದಿದ್ದರೆ ಒತ್ತಾಯ ಮಾಡಬೇಡಿ ಅಂತ ಅವರಿಗೆ ತಿಳಿಸಿ ಹೇಳಿ. ಊಟ ಆಯಿತಾ ಅಂತ ಕೇಳಲಿ, ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಇಂಥ ವಿಡಿಯೋ ಬಂದರೆ, ಶಾಲೆ ಅಕ್ಕೋರು ಹೇಳಿದರೆ ಜನ ಕೇಳುತ್ತಾರೆ, ತೆಗೆಸಿ. ಇನ್ನು ಅವನಿಗೆ ಬೂಟು, ಜಾಕೆಟ್ ಸರಿಯಾಗಿ ಸಿಗುತ್ತಿದೆಯಾ ಅಂತ ಅವನನ್ನೇ ಕೇಳಿ ಇಕ್ಕಟ್ಟಿಗೆ ಸಿಕ್ಕಿಸಬೇಡಿ, ಅವನು ಶಿಸ್ತಿಗೆ ಒಳಪಟ್ಟವನು. ಅದನ್ನು ನಿಮ್ಮ ಸಂಸದರಿಗೆ ಬರೆಯಿರಿ. ರಕ್ಷಣಾ ಇಲಾಖೆಯ ಸಿಎಜಿ ವರದಿಗಳು ಜನರಿಗೆ ಯಾಕೆ ಸುಲಭವಾಗಿ ಸಿಗುತ್ತಿಲ್ಲ, ಎತ್ತರದ ಠಾಣೆಗಳ ಬಟ್ಟೆಬರೆಯ ಕೊರತೆ ಈಗ ತುಂಬಿದೆಯಾ ಅಂತ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಿ ಎನ್ನಿ. ಲಿಖಿತ ಪ್ರಶ್ನೆಗೆ ಮಂತ್ರಿ ಲಿಖಿತವಾಗಿಯೇ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಎಲ್ಲರಿಗೂ ಓದಲು ಸಿಗುತ್ತದೆ. ಒಂದು ಅಂಚೆ ಕಾಗದ ಸಾಕು, ಕನ್ನಡದಲ್ಲೇ ಬರೆಯಿರಿ.